ಬ್ರಯಾನ್ ಮೇ ನಾದಕ್ಕೆ ಆರು ಪೆನ್ಸ್ ನಾಣ್ಯವೇ ಬೇಕೆ?

ಪ್ರಶ್ನೆ: ಬ್ರಿಟಿಷ್ ರಾಕ್ ತಂಡ ಕ್ವೀನ್‌ನ ಗಿಟಾರ್ ವಾದಕ ಬ್ರಯಾನ್ ಮೇ 1992ರಲ್ಲಿ ಹೊರತಂದ ‘ಬ್ಯಾಕ್ ಟು ದ ಲೈಟ್’ ಆಲ್ಬಂ ನನಗೆ ಹುಚ್ಚು ಹಿಡಿಸಿದೆ. ಅದರ ‘ಲಾಸ್ಟ್ ಹೊರೈಜನ್’ ಅನ್ನು ಅದೇ ನಾದದಲ್ಲಿ ನುಡಿಸಬೇಕೆಂದು ಆರು ತಿಂಗಳಿಂದ ಒದ್ದಾಡುತ್ತಿದ್ದೇನೆ. ನನ್ನ ಹತ್ತಿರ ಮೂರು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಒಂಟಿ ಸುರುಳಿ) ಇರುವ ಸ್ಟ್ರ್ಯಾಟ್ ಮಾದರಿಯ ಗಿಟಾರ್ ಮತ್ತು 20 ವಾಟ್‌ನ ಟ್ರಾನ್ಸಿಸ್ಟರ್ ಆಂಪ್ ಇವೆ. ಫೆಬ್ರವರಿಯಲ್ಲಿ ಜರ್ಮೇನಿಯಂ ಟ್ರೆಬಲ್ ಬೂಸ್ಟರ್, ಅಂದರೆ ಚೂಪು ಸದ್ದನ್ನು ಹಿಗ್ಗಿಸುವ ಪೆಡಲ್, ತರಿಸಿದೆ. ಗಿಟಾರಿನಿಂದ ಟ್ಯೂನರ್, ಕೋರಸ್, ಬೂಸ್ಟರ್, ಡಿಲೇ, ಆಮೇಲೆ ಆಂಪ್, ಹೀಗೆ ಜೋಡಿಸಿದ್ದೇನೆ. ಬರುವುದು ಕಿವಿ ಸೀಳುವ ಕೀರಲು ಸದ್ದು, ಹಿಂದೆ ಸದಾ ಗುಂಯ್‌ ಎನ್ನುವ ಗುನುಗು. ಬೂಸ್ಟರನ್ನು ಉಳಿದ ಪೆಡಲ್‌ಗಳ ಅಡಾಪ್ಟರಿಗೇ ಸಿಕ್ಕಿಸಿದರೆ ಎಲ್ಲವೂ ಆರಿಹೋಗುತ್ತವೆ, ಅದಕ್ಕೆ ಬ್ಯಾಟರಿ ಹಾಕಿದ್ದೇನೆ. ಏಪ್ರಿಲ್ ಬಂದ ಮೇಲೆ ಮಧ್ಯಾಹ್ನದ ಹೊತ್ತು ಸ್ವರ ಒಡೆದು ‘ಪುಸ್’ ಎನ್ನುತ್ತದೆ. ಕಲಿಸುವ ಮೇಷ್ಟ್ರು ‘ಎಲ್ಲ ಗುಟ್ಟೂ ಆ ಬ್ರಿಟಿಷ್ ನಾಣ್ಯದಲ್ಲಿದೆ’ ಅನ್ನುತ್ತಾರೆ. ನಾಣ್ಯ ತರಿಸಲೇ, ಮೇ ಅವರ ರೆಡ್ ಸ್ಪೆಷಲ್ ಗಿಟಾರಿನ ಪ್ರತಿರೂಪ ಕೊಳ್ಳಲೇ, ಇಲ್ಲ ಸಾಲ ಮಾಡಿ ಅವರು ಬಳಸುವ ಎಸಿ30 ವಾಲ್ವ್ ಆಂಪ್ ತಗೊಳ್ಳಲೇ? (ದಾವಣಗೆರೆಯ ಓದುಗರೊಬ್ಬರು)

ಉತ್ತರ: ಸದ್ಯಕ್ಕೆ ಮೂರನ್ನೂ ಕೊಳ್ಳಬೇಡಿ. ನಿಮ್ಮ ಪತ್ರದಲ್ಲಿ ಒಂದೇ ದೂರಿನೊಳಗೆ ನಾಲ್ಕು ಬೇರೆ ಬೇರೆ ದೋಷಗಳಿವೆ: ಪೆಡಲ್‌ಗಳ ಕ್ರಮ, ಪಿಕಪ್‌ಗಳ ಜೋಡಣೆ, ಬಿಸಿಲು, ಮನೆಯ ವಿದ್ಯುತ್ತು. ಮೊದಲನೆಯದಕ್ಕೆ ಕಾಸು ಬೇಡ. ಎರಡನೆಯದಕ್ಕೆ ಒಂದು ಸಣ್ಣ ಸ್ವಿಚ್ಚು ಮತ್ತು ಅರ್ಧ ಗಂಟೆಯ ಬೆಸುಗೆ ಕೆಲಸ ಸಾಕು. ಇವು ಸರಿಯಾಗುವವರೆಗೆ ಎಷ್ಟು ದುಬಾರಿ ಆಂಪ್ ತಂದರೂ ಇದೇ ಕೀರಲು ಇನ್ನಷ್ಟು ಜೋರಾಗಿ ಕೇಳಿಸುತ್ತದೆ, ಅಷ್ಟೇ.

ನಾಣ್ಯದ ಮಾತು ಮೊದಲು ಮುಗಿಸೋಣ. ಬ್ರಯಾನ್ ಮೇ ಪ್ಲಾಸ್ಟಿಕ್ ಪಿಕ್ ಬದಲು ಹಳೆಯ ಬ್ರಿಟಿಷ್ ಆರು ಪೆನ್ಸ್ ನಾಣ್ಯದಿಂದ ನುಡಿಸುವುದು ನಿಜ. ಈ ಆಲ್ಬಂನ 1993ರ ಪ್ರವಾಸಕ್ಕೆಂದೇ ಅವರ ಮುಖವಿರುವ ಆರು ಪೆನ್ಸ್‌ಗಳನ್ನು ಅಲ್ಲಿನ ಟಂಕಸಾಲೆ ಅಚ್ಚುಹಾಕಿಕೊಟ್ಟದ್ದೂ ನಿಜ. ಆದರೆ ಗುಟ್ಟೆಲ್ಲ ಅದರಲ್ಲಿದೆ ಎನ್ನುವುದು ಮೂಗಿಗಿಂತ ಮೂಗುತಿ ಭಾರ ಎನ್ನುವಂಥ ಮಾತು. ನಾಣ್ಯ ಮಾಡುವ ಕೆಲಸ ಎರಡೇ. ಅದು ಬಾಗುವುದಿಲ್ಲ, ಹಾಗಾಗಿ ಬಾಗು ಬಳುಕೆಲ್ಲ ಬೆರಳಿನಿಂದಲೇ ಬರಬೇಕು. ಅಂಚಿನಲ್ಲಿ ಸಣ್ಣ ಗೀರುಗಳಿರುವುದರಿಂದ ತಂತಿಗೆ ಓರೆಯಾಗಿ ತಾಗಿಸಿದರೆ ಸ್ವರದ ಮೊದಲಲ್ಲಿ ಕರಕರ ಎನ್ನುವ ವ್ಯಂಜನವೊಂದು ಸೇರಿಕೊಳ್ಳುತ್ತದೆ. ತಂತಿಗೆ ಸಮಾನಾಂತರವಾಗಿ ಹಿಡಿದರೆ ನುಣುಪಾಗಿ ಬರುತ್ತದೆ. ಸ್ವರದ ಮೊದಲ ಕ್ಷಣದ ಮಟ್ಟಿಗೆ ಇದು ದೊಡ್ಡ ವ್ಯತ್ಯಾಸ. ಸ್ವರ ನೆಲೆನಿಂತ ಮೇಲೆ ಕೇಳುವ ಆ ದಪ್ಪನೆಯ, ಹಾಡುವ, ಕೊಂಬು ಊದಿದಂಥ ನಾದಕ್ಕೂ ನಾಣ್ಯಕ್ಕೂ ಸಂಬಂಧವಿಲ್ಲ.

ಆದರೂ ಆಸೆಯಿದ್ದರೆ ಲಂಡನ್ನಿನಿಂದ ತರಿಸುವ ಮುನ್ನ ಮನೆಯ ಹಳೇ ಡಬ್ಬಿ ಹುಡುಕಿ. 1947ರಿಂದೀಚಿನ ಆರು ಪೆನ್ಸ್ ತಾಮ್ರ ಮತ್ತು ನಿಕಲ್‌ನ ಮಿಶ್ರಲೋಹ, ಅಡ್ಡಳತೆ 19.4 ಮಿಮೀ, ತೂಕ 2.83 ಗ್ರಾಂ, ಅಂಚಿಗೆ ಗೀರು. ನಮ್ಮ ಹಳೆಯ ನಾಲ್ಕಾಣೆ, ಅಂದರೆ ಎಪ್ಪತ್ತು ಎಂಬತ್ತರ ದಶಕದ 25 ಪೈಸೆ, ಅದೇ ಬಗೆಯ ಮಿಶ್ರಲೋಹ, 19 ಮಿಮೀ, 2.5 ಗ್ರಾಂ, ಅಂಚಿಗೆ ಗೀರು. ಬೆರಳಿಗೆ ಹೆಚ್ಚುಕಡಿಮೆ ಒಂದೇ. ಘೇಂಡಾಮೃಗದ ಚಿತ್ರವಿರುವ ಆಮೇಲಿನ ಸ್ಟೀಲ್ ನಾಲ್ಕಾಣೆ ಬೇಡ: ಅಂಚು ನಯ, ಲೋಹ ಗಡಸು, ತೆಳು ತಂತಿಗಳನ್ನು ಬೇಗ ತಿಂದುಹಾಕುತ್ತದೆ. ಗೊತ್ತಾಗದಿದ್ದರೆ ಅಯಸ್ಕಾಂತ ಹಿಡಿದು ನೋಡಿ. ಸ್ಟೀಲಿನದು ಅಂಟಿಕೊಳ್ಳುತ್ತದೆ, ಹಳೆಯದು ಅಂಟುವುದಿಲ್ಲ. 2011ರ ಜೂನ್ ಕೊನೆಗೆ ಈ ನಾಣ್ಯಗಳ ಚಲಾವಣೆಯೇ ನಿಂತದ್ದರಿಂದ ಇದಕ್ಕಿಂತ ಒಳ್ಳೆಯ ಉಪಯೋಗ ಅದಕ್ಕೂ ಇಲ್ಲ. ಹೆಬ್ಬೆರಳು ಮತ್ತು ಮಡಿಸಿದ ತೋರುಬೆರಳಿನ ನಡುವೆ ಸಡಿಲವಾಗಿ ಹಿಡಿಯಿರಿ, ಅಂಚು ಒಂದೆರಡು ಮಿಮೀ ಮಾತ್ರ ಹೊರಗಿರಲಿ. ಬಿಗಿ ಹಿಡಿದರೆ ಮೊದಲ ವಾರದಲ್ಲೇ ಮೊದಲ ತಂತಿ ತುಂಡಾಗುತ್ತದೆ.

ಇನ್ನು ಕೀರಲಿಗೆ ಬರೋಣ. ನಿಮ್ಮ ಸಂಕಟದ ಬೇರು ಇಲ್ಲೇ ಇದೆ.

ಟ್ರೆಬಲ್ ಬೂಸ್ಟರ್ ಎನ್ನುವುದು ಅರವತ್ತರ ದಶಕದ ಬ್ರಿಟಿಷ್ ಸಾಮಾನು. ಡಲ್ಲಾಸ್ ರೇಂಜ್‌ಮಾಸ್ಟರ್ ಎಂಬ ಡಬ್ಬಿ ಅದರ ಮೂಲಪುರುಷ. ಒಳಗೆ ಒಂದೇ ಒಂದು ಒಸಿ44 ಜರ್ಮೇನಿಯಂ ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್ ಲೆಕ್ಕದ ಭಾಗಗಳು, ಕೆಲವು ಕೆಪಾಸಿಟರ್, 9 ವೋಲ್ಟ್ ಬ್ಯಾಟರಿ. ಒಳಬರುವ ದಾರಿಯಲ್ಲಿ ಸುಮಾರು 5 ನ್ಯಾನೋಫ್ಯಾರಡ್‌ನ ಸಣ್ಣ ಕೆಪಾಸಿಟರ್ ಇರುವುದರಿಂದ ಮಂದ್ರ ಒಳಕ್ಕೆ ಬರುವುದೇ ಕಷ್ಟ. ಸುಮಾರು 2ರಿಂದ 3 ಕಿಲೋಹರ್ಟ್ಸ್‌ನಿಂದ ಮೇಲಿನದು ಪೂರ್ತಿ ಹಿಗ್ಗುತ್ತದೆ, ಕೆಳಗಿಳಿದಂತೆ ಹಿಗ್ಗುವಿಕೆ ಕಡಿಮೆಯಾಗುತ್ತದೆ. ಕಾಗದದ ಮೇಲೆ ಲೆಕ್ಕ ಹಾಕಿದರೆ ಇದು ಕೀರಲೇ ಬರಬೇಕು. ಆದರೆ ಗಿಟಾರನ್ನು ನೇರವಾಗಿ ಸಿಕ್ಕಿಸಿದಾಗ ಹಾಗಾಗುವುದಿಲ್ಲ, ಏಕೆ?

ಆಂಪ್‌ನ ಬಾಯಿ, ಅಂದರೆ ಒಳಬರುವ ದಾರಿಯ ವಿದ್ಯುತ್ ತಡೆ, ಸುಮಾರು 1 ಮೆಗಾ ಓಮ್ ಇರುತ್ತದೆ, ಪಿಕಪ್‌ಗೆ ಅದು ಹೊರೆಯೇ ಅಲ್ಲ. ಬೂಸ್ಟರಿನ ಬಾಯಿ ಅದರ ನೂರರಲ್ಲಿ ಒಂದು ಪಾಲು, ಅಂದರೆ ಹತ್ತು ಕಿಲೋ ಓಮ್‌ನ ಆಸುಪಾಸು. ಪಿಕಪ್ ಎಂದರೆ ಸಾವಿರಾರು ಸುತ್ತಿನ ತಾಮ್ರದ ಸುರುಳಿ. ಅಷ್ಟು ಭಾರದ ಹೊರೆ ಹೊರಿಸಿದಾಗ ಸುರುಳಿ ತನ್ನ ಗುಣದಿಂದಲೇ ಮೇಲಿನ ಚೂಪು ಸದ್ದನ್ನು ತಡೆಯುತ್ತದೆ. ಬೂಸ್ಟರ್ ಕೆಳಗಿನದನ್ನು ಕತ್ತರಿಸುತ್ತದೆ, ಪಿಕಪ್ ಮೇಲಿನದನ್ನು ಬೋಳಿಸುತ್ತದೆ, ಉಳಿಯುವುದು ನಡುವಿನ ಉಬ್ಬು. ಹಾಡುವ ನಾದವೆಂದು ನಾವು ಕರೆಯುವುದು ಆ ಉಬ್ಬನ್ನೇ. ಹೆಸರಲ್ಲಿ ಟ್ರೆಬಲ್ ಇದ್ದರೂ ಕಿವಿಗೆ ಸಿಗುವುದು ಮಧ್ಯಭಾಗ. ಬ್ರಯಾನ್ ಮೇ ಹಾಗೆ ನೇರ ಸಿಕ್ಕಿಸುವ ಬೂಸ್ಟರನ್ನು ಎಪ್ಪತ್ತರ ದಶಕದಿಂದಲೂ ಬಿಟ್ಟಿಲ್ಲ. ಪೀಟ್ ಕಾರ್ನಿಷ್, ಆಮೇಲೆ ಗ್ರೆಗ್ ಫ್ರೈಯರ್ ಅವರಿಗಾಗಿ ಬೇರೆ ಬೇರೆ ಕಾಲಕ್ಕೆ ಮಾಡಿಕೊಟ್ಟಿದ್ದಾರೆ.

ನಿಮ್ಮ ಸಾಲಿನಲ್ಲಿ ಗಿಟಾರಿಗೂ ಬೂಸ್ಟರಿಗೂ ನಡುವೆ ಟ್ಯೂನರ್, ಕೋರಸ್ ಕೂತಿವೆ. ಇವತ್ತಿನ ಬಹುಪಾಲು ಪೆಡಲ್‌ಗಳಲ್ಲಿ ಆಫ್ ಇದ್ದಾಗಲೂ ಬಫರ್ ಎಂಬ ಸಣ್ಣ ಸರ್ಕ್ಯೂಟು ಕೆಲಸ ಮಾಡುತ್ತಿರುತ್ತದೆ. ಪಿಕಪ್‌ನ ಹೊರೆಯನ್ನು ಅದು ತನ್ನ ಹೆಗಲಿಗೆ ತಗೊಂಡುಬಿಡುತ್ತದೆ, ಪಿಕಪ್‌ಗೂ ಬೂಸ್ಟರಿಗೂ ಇದ್ದ ಜಗ್ಗಾಟ ಮುರಿಯುತ್ತದೆ. ಬೂಸ್ಟರ್ ಕೆಳಗಿನದನ್ನು ಕತ್ತರಿಸುವುದು ಹಾಗೇ ಇರುತ್ತದೆ, ಮೇಲಿನದನ್ನು ಬೋಳಿಸುವವರು ಯಾರೂ ಇರುವುದಿಲ್ಲ. ಕೀರಲು ಅಲ್ಲಿಂದ ಹುಟ್ಟಿದ್ದು.

ಮಾಡಬೇಕಾದ್ದು: ಗಿಟಾರಿನಿಂದ ಮೂರು ಮೀಟರಿನ ಒಂದೇ ಕೇಬಲ್ ನೇರ ಬೂಸ್ಟರಿಗೆ. ಅದರಾಚೆ ಟ್ಯೂನರ್, ಕೋರಸ್, ಡಿಲೇ. ವೈರ್‌ಲೆಸ್ ಯಂತ್ರವಿದ್ದರೆ ಅದೂ ಬಫರೇ, ಇಲ್ಲಿ ಅದಕ್ಕೆ ಜಾಗವಿಲ್ಲ. ಬೂಸ್ಟರಿನ ತಿರುಗುಗುಂಡಿ ಅರ್ಧದಲ್ಲಿಡಿ. ಇನ್ನೊಂದು ಲಾಭವೂ ತಕ್ಷಣ ಗೊತ್ತಾಗುತ್ತದೆ: ಗಿಟಾರಿನ ವಾಲ್ಯೂಮ್ 10ರಿಂದ 5ಕ್ಕೆ ಇಳಿಸಿದರೆ ಒಡಕು ಹೋಗಿ ಗಾಜಿನಂಥ ತಿಳಿ ಸದ್ದು ಬರುತ್ತದೆ. ಸಾಲು ಹಿಡಿದು ನುಡಿಸುವಾಗ ಬೂಸ್ಟರನ್ನು ಒತ್ತಿ ಆರಿಸುವುದಲ್ಲ, ಸದಾ ಆನ್ ಇಟ್ಟು ವಾಲ್ಯೂಮ್ ಗುಂಡಿಯಲ್ಲೇ ಆಡುವುದು ಈ ಶೈಲಿ.

ಇಷ್ಟಾದ ಮೇಲೂ ಚೂಪು ಎನಿಸಿದರೆ ಕಾರಣ ನಿಮ್ಮ ಆಂಪ್. ಬೂಸ್ಟರ್ ಹುಟ್ಟಿದ್ದು ಮಂಕು ಸದ್ದಿನ ವಾಲ್ವ್ ಆಂಪ್‌ಗಳನ್ನು ಎಚ್ಚರಿಸಲು. ಒಳಬರುವ 5 ನ್ಯಾನೋಫ್ಯಾರಡ್ ಕೆಪಾಸಿಟರನ್ನು 10ಕ್ಕೆ ಬದಲಿಸಿದರೆ ಕತ್ತರಿ ಬೀಳುವ ಜಾಗ ಅರ್ಧಕ್ಕೆ ಇಳಿಯುತ್ತದೆ, ಮೈ ತುಂಬುತ್ತದೆ. 22ರವರೆಗೂ ಹೋಗಬಹುದು, ಅದರಾಚೆ ಮಂದ್ರ ಸೇರಿ ಸ್ವರ ಕೆಸರಾಗುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಪಾಲಿಯೆಸ್ಟರ್ ಕೆಪಾಸಿಟರ್ ಕೇಳಿ, ಕೆಲವೇ ರೂಪಾಯಿ.

ಅಡಾಪ್ಟರ್ ಆರಿಹೋಗುವುದು ಕೆಟ್ಟಿದ್ದಕ್ಕಲ್ಲ. ಹಳೆಯ ಜರ್ಮೇನಿಯಂ ಟ್ರಾನ್ಸಿಸ್ಟರ್ ಪಿಎನ್‌ಪಿ ಜಾತಿಯದು. ಅದರ ಸರ್ಕ್ಯೂಟಿನಲ್ಲಿ ಡಬ್ಬಿಯ ಮೈಗೆ ಸೇರುವುದು ಬ್ಯಾಟರಿಯ ಧನ ತುದಿ. ಉಳಿದೆಲ್ಲ ಪೆಡಲ್‌ಗಳಲ್ಲಿ ಋಣ ತುದಿ. ಎರಡನ್ನೂ ಒಂದೇ ಅಡಾಪ್ಟರಿಗೆ ಸಿಕ್ಕಿಸಿದರೆ ಕೇಬಲ್‌ನ ಜಾಲರಿಯ ಮೂಲಕ ಧನ ಋಣ ನೇರ ಕೂಡಿಕೊಂಡು ಶಾರ್ಟ್ ಆಗುತ್ತದೆ. ನಿಮ್ಮ ಅಡಾಪ್ಟರಿನಲ್ಲಿ ರಕ್ಷಣೆ ಇದ್ದುದರಿಂದ ಆರಿತು, ಇಲ್ಲದಿದ್ದರೆ ಸುಡುತ್ತಿತ್ತು. ಬ್ಯಾಟರಿಯೇ ಇದಕ್ಕೆ ಸರಿ. ಇದು ಎಳೆಯುವ ಕರೆಂಟು 1 ಮಿಲಿಆಂಪಿಯರಿಗಿಂತ ಕಡಿಮೆ, ನುಡಿಸಿದ ಮೇಲೆ ಜ್ಯಾಕ್ ಕಿತ್ತಿಟ್ಟರೆ ಒಂದು ಬ್ಯಾಟರಿ ತಿಂಗಳುಗಟ್ಟಲೆ ಬರುತ್ತದೆ.

ಏಪ್ರಿಲ್‌ನ ‘ಪುಸ್’ಗೆ ಬಿಸಿಲೇ ಕಾರಣ. ಜರ್ಮೇನಿಯಂನಲ್ಲಿ ಬೇಡದ ಸೋರಿಕೆ ಕರೆಂಟು ಇದ್ದೇ ಇರುತ್ತದೆ, ಸುಮಾರು ಹತ್ತು ಡಿಗ್ರಿ ಸೆಲ್ಸಿಯಸ್ ಏರಿದಂತೆಲ್ಲ ಅದು ಇಮ್ಮಡಿಯಾಗುತ್ತದೆ. ಇಂಗ್ಲೆಂಡಿನ 20 ಡಿಗ್ರಿಗೆ ಹೊಂದಿಸಿದ ಪೆಡಲ್ ನಿಮ್ಮ ಕೋಣೆಯ 38 ಡಿಗ್ರಿಯಲ್ಲಿ ಮೂರೂವರೆ ಪಟ್ಟು ಸೋರುತ್ತದೆ. ಫೆಬ್ರವರಿಯಲ್ಲಿ ಚೆನ್ನಾಗಿದ್ದು ಮಧ್ಯಾಹ್ನ ಮಾತ್ರ ಕೈಕೊಡುವುದು ಇದರ ಸ್ಪಷ್ಟ ಲಕ್ಷಣ. ಖಾತ್ರಿ ಮಾಡಿಕೊಳ್ಳಲು ಮಲ್ಟಿಮೀಟರ್ ಡಿಸಿಗೆ ಇಟ್ಟು, ಕಪ್ಪು ಕಡ್ಡಿ ಡಬ್ಬಿಯ ಮೈಗೆ, ಕೆಂಪು ಕಡ್ಡಿ ಟ್ರಾನ್ಸಿಸ್ಟರಿನ ಕಲೆಕ್ಟರ್ ಕಾಲಿಗೆ ತಾಗಿಸಿ. ಹೊಸ ಬ್ಯಾಟರಿಯಿದ್ದಾಗ ಮೈನಸ್ 7 ವೋಲ್ಟ್ ಹತ್ತಿರ ಇರಬೇಕು. ಬೆಳಿಗ್ಗೆ 7 ಇದ್ದು ಮಧ್ಯಾಹ್ನ 5ಕ್ಕೋ 4ಕ್ಕೋ ಬಂದರೆ ರೋಗ ಸಿಕ್ಕಿತು. ರೇಂಜ್‌ಮಾಸ್ಟರ್ ಮಾದರಿಯಲ್ಲಿ ಬೇಸ್ ಕಾಲಿನಿಂದ ಮೈಗೆ ಹೋಗುವ 68 ಕಿಲೋ ಓಮ್ ರೆಸಿಸ್ಟರ್ ಜಾಗದಲ್ಲಿ 100 ಕಿಲೋ ಓಮ್‌ನ ಸಣ್ಣ ಟ್ರಿಮ್ಮರ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಕೂರಿಸಿ, ಸೆಖೆಯಿರುವಾಗಲೇ 7ಕ್ಕೆ ಹೊಂದಿಸಿ. ಬೆಸುಗೆ ಹಾಕುವಾಗ ಟ್ರಾನ್ಸಿಸ್ಟರಿನ ಕಾಲನ್ನು ಚಿಮುಟದಿಂದ ಹಿಡಿದುಕೊಳ್ಳಿ. ಶಾಖ ಚಿಮುಟಕ್ಕೆ ಹೋಗುತ್ತದೆ, ಜರ್ಮೇನಿಯಂ ಬದುಕುತ್ತದೆ. ಹಳೇ ಒಸಿ44 ಸುಟ್ಟರೆ ಬದಲಿ ಸಿಗುವುದು ಕಷ್ಟ, ಸಿಕ್ಕರೂ ಎರಡು ಒಂದೇ ಥರ ಇರುವುದಿಲ್ಲ. ಈ ತಂಟೆಯೇ ಬೇಡವೆಂದರೆ ಸಿಲಿಕಾನ್ ಟ್ರಾನ್ಸಿಸ್ಟರಿನ ಬೂಸ್ಟರಿಗೆ ಬದಲಾಯಿಸಿಕೊಳ್ಳಿ. ನಮ್ಮ ಬಯಲುಸೀಮೆಯ ಬಿಸಿಲಿಗೆ ನಾನು ಸಲಹೆ ಮಾಡುವುದು ಅದನ್ನೇ. ಜರ್ಮೇನಿಯಂ ಎಂದರೆ ಬೆಣ್ಣೆ, ಸಿಲಿಕಾನ್ ಎಂದರೆ ಮರಳು ಎಂಬ ಮಾತು ಅರ್ಧ ಸತ್ಯ. ಒಳಬರುವ ಕೆಪಾಸಿಟರ್ ಮತ್ತು ಬಾಯಿಯ ಹೊರೆ ಸರಿಯಿದ್ದರೆ ಕಣ್ಣುಮುಚ್ಚಿ ಗುರುತಿಸುವವರು ಕಡಿಮೆ.

ಗುನುಗು. ಸಿಂಗಲ್ ಕಾಯಿಲ್ ಪಿಕಪ್ ಎಂದರೆ ಆಂಟೆನಾ. ಬೂಸ್ಟರ್ ಅದು ಹಿಡಿದದ್ದನ್ನೂ ಹಿಗ್ಗಿಸುತ್ತದೆ. ಮೊದಲು ಸೀಲಿಂಗ್ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನು ಪೂರ್ತಿ ತಿರುಗಿಸಿ, ಇಲ್ಲವೇ ಫ್ಯಾನ್ ಆರಿಸಿ ನೋಡಿ. ಝರ್ ಎನ್ನುವ ಚೂಪು ಸದ್ದು ನಿಂತರೆ ಕಳ್ಳ ಅವನೇ. ಅಗ್ಗದ ಎಲ್‌ಇಡಿ ಬಲ್ಬು, ಲ್ಯಾಪ್‌ಟಾಪ್ ಚಾರ್ಜರ್ ಮುಂದಿನ ಶಂಕಿತರು. ಆಮೇಲೆ ಅರ್ಥಿಂಗ್. ಮೂರು ಪಿನ್ನಿನ ಸಾಕೆಟ್ ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಎಂದಲ್ಲ. ಎಸಿ ಅಳತೆಗಿಟ್ಟ ಮಲ್ಟಿಮೀಟರಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್ ಒಳಗಿರಬೇಕು. ಫೇಸ್ ಮತ್ತು ಅರ್ಥ್ ನಡುವೆ 230ರ ಹತ್ತಿರ. ನಲವತ್ತೋ ಐವತ್ತೋ ತೋರಿಸಿದರೆ, ಅಥವಾ ತಂತಿ ಮುಟ್ಟಿದಾಗ ಬೆರಳಿಗೆ ಜುಮ್ಮೆಂದರೆ, ಎಲೆಕ್ಟ್ರಿಷಿಯನ್ ಕರೆಸಿ, ಅಲ್ಲಿಯತನಕ ಗಿಟಾರ್ ಸಿಕ್ಕಿಸಬೇಡಿ. ಗುನುಗು ನಿಲ್ಲಿಸಲು ಅರ್ಥ್ ಪಿನ್ ಕತ್ತರಿಸುವವರಿದ್ದಾರೆ. ದಯವಿಟ್ಟು ಬೇಡ, ಹಾಗೆ ಕತ್ತರಿಸಿದರೆ ಗಿಟಾರಿನ ತಂತಿಯಿಂದ ಮೈಗೆ ಕರೆಂಟು ಹರಿಯಬಹುದು.

ಫ್ಯಾನು, ಅರ್ಥಿಂಗ್ ಸರಿಯಾದ ಮೇಲೂ ಉಳಿಯುವ ಗುಂಯ್‌ಗೆ ಮದ್ದು ಮುಂದಿನ ಕೆಲಸದಲ್ಲೇ ಇದೆ.

ರೆಡ್ ಸ್ಪೆಷಲ್ ಗಿಟಾರನ್ನು ಬ್ರಯಾನ್ ಮೇ ಹದಿಹರೆಯದಲ್ಲಿ ತಂದೆಯ ಜೊತೆ 1963ರಿಂದ ಮನೆಯಲ್ಲೇ ಕಟ್ಟಿದರು. ಹಳೇ ಅಗ್ಗಿಷ್ಟಿಕೆಯ ಮಹಾಗನಿ ಮರದಿಂದ ಕುತ್ತಿಗೆ, ಟ್ರೆಮೊಲೊಗೆ ಮೋಟಾರ್‌ಸೈಕಲ್ ವಾಲ್ವಿನ ಸ್ಪ್ರಿಂಗು, ಹಿಡಿಕೆಯ ತುದಿಗೆ ಹೆಣಿಗೆಯ ಕಡ್ಡಿ; ಈ ಕತೆ ಎಲ್ಲರಿಗೂ ಬಾಯಿಪಾಠ. ನಾದಕ್ಕೆ ಇವಕ್ಕಿಂತ ಮುಖ್ಯವಾದದ್ದು ಪ್ಲೇಟಿನ ಕೆಳಗಿನ ತಂತಿ ಜೋಡಣೆ. ಮೂರು ಬರ್ನ್ಸ್ ಟ್ರೈಸಾನಿಕ್ ಪಿಕಪ್, ಪ್ರತಿಯೊಂದಕ್ಕೂ ಆನ್ ಆಫ್ ಸ್ವಿಚ್ಚು ಒಂದು, ಫೇಸ್, ಅಂದರೆ ಸದ್ದಿನ ಅಲೆಯ ಏರಿಳಿತದ ದಿಕ್ಕು, ತಿರುಗಿಸುವ ಸ್ವಿಚ್ಚು ಇನ್ನೊಂದು. ಮೂರೂ ಸರಣಿಯಲ್ಲಿ. ನಿಮ್ಮ ಸ್ಟ್ರ್ಯಾಟ್‌ನಲ್ಲಿ ಎರಡು ಪಿಕಪ್ ಒಟ್ಟಿಗೆ ಹಾಕಿದರೆ ಅವು ಸಮಾಂತರ. ಶಾಲೆಯಲ್ಲಿ ಓದಿದ್ದೇ: ಸರಣಿಯಲ್ಲಿ ಕೂಡುತ್ತದೆ, ಸಮಾಂತರದಲ್ಲಿ ಅರ್ಧವಾಗುತ್ತದೆ. ಸಮಾಂತರದ ಎರಡು ಪಿಕಪ್ ಸದ್ದು ತೆಳು, ಗಂಟೆಯಂತೆ ಕ್ವಣಕ್ವಣ. ಸರಣಿಯ ಎರಡು ಪಿಕಪ್ ಸದ್ದು ದಪ್ಪ, ಜೋರು, ಚೂಪು ತಗ್ಗಿದ್ದು. ಬೂಸ್ಟರಿಗೆ ಬೇಕಾದ ಮೇವು ಈ ದಪ್ಪನೆಯದು. ಬ್ರಯಾನ್ ಮೇ ಹೆಚ್ಚಾಗಿ ಬಳಸುವುದು ಬ್ರಿಜ್ ಮತ್ತು ಮಧ್ಯದ ಪಿಕಪ್ ಸರಣಿಯಲ್ಲಿ, ಒಂದೇ ಫೇಸಿನಲ್ಲಿ.

ಇದನ್ನು ನಿಮ್ಮ ಗಿಟಾರಿನಲ್ಲೇ ತರಬಹುದು. ಆರು ಕಾಲಿನ, ಎರಡು ಸ್ಥಾನದ ಸಣ್ಣ ಟಾಗಲ್ ಸ್ವಿಚ್ಚು ಬೇಕು. ಕಾಲುಗಳು ಮೂರು ಮೂರರ ಎರಡು ಸಾಲು. ಪ್ರತಿ ಸಾಲಿನ ನಡುವಿನ ಕಾಲು ಬರುವ ತಂತಿಗೆ, ಅತ್ತಿತ್ತಲಿನವು ಹೋಗುವ ದಾರಿಗೆ. ತಂತಿಗಳನ್ನು ತೆಗೆದು ಪ್ಲೇಟ್ ಮಗುಚಿ, ಮೊದಲು ಒಂದು ಫೋಟೊ ತೆಗೆದಿಡಿ. ಮಧ್ಯದ ಪಿಕಪ್‌ನಿಂದ ವಾಲ್ಯೂಮ್ ಗುಂಡಿಯಡಿಯ ಪಾಟ್‌ನ ಬೆನ್ನಿಗೆ ಬೆಸೆದ ತಂತಿ, ಸಾಮಾನ್ಯವಾಗಿ ಕಪ್ಪು, ಅದನ್ನು ಬಿಡಿಸಿ ಮೊದಲ ಸಾಲಿನ ನಡುಗಾಲಿಗೆ ಬೆಸೆಯಿರಿ. ಆ ಸಾಲಿನ ಮೇಲಿನ ಕಾಲಿನಿಂದ ಪಾಟ್‌ನ ಬೆನ್ನಿಗೆ ಒಂದು ತುಂಡು ತಂತಿ. ಈಗ ಬ್ರಿಜ್ ಪಿಕಪ್‌ನಿಂದ ಐದು ಸ್ಥಾನದ ಸೆಲೆಕ್ಟರಿಗೆ ಹೋಗುವ ತಂತಿಯನ್ನು ಬಿಡಿಸಿ ಎರಡನೆಯ ಸಾಲಿನ ನಡುಗಾಲಿಗೆ. ಆ ಸಾಲಿನ ಮೇಲಿನ ಕಾಲಿನಿಂದ ಸೆಲೆಕ್ಟರಿನ ಅದೇ ಜಾಗಕ್ಕೆ ಇನ್ನೊಂದು ತುಂಡು. ಕೊನೆಗೆ ಎರಡೂ ಸಾಲಿನ ಕೆಳಗಿನ ಕಾಲುಗಳನ್ನು ಒಂದಕ್ಕೊಂದು ಸೇರಿಸಿ. ಸ್ವಿಚ್ಚು ಒಂದು ಕಡೆಗಿದ್ದರೆ ಗಿಟಾರ್ ಮೊದಲಿನಂತೆಯೇ. ಇನ್ನೊಂದು ಕಡೆಗೆ ತಳ್ಳಿ ಸೆಲೆಕ್ಟರನ್ನು ನಡುವಿಗಿಟ್ಟರೆ ಬ್ರಿಜ್ ಮತ್ತು ಮಧ್ಯ ಸರಣಿ. ಆ ಸ್ಥಿತಿಯಲ್ಲಿ ಬ್ರಿಜ್ ಒಂದನ್ನೇ ಆರಿಸಿದರೆ ಸದ್ದೇ ಬರುವುದಿಲ್ಲ, ಗಾಬರಿಯಾಗಬೇಡಿ. ಟಾಗಲ್‌ನ ಒಳಗೆ ಲಿವರ್ ವಾಲಿದ ದಿಕ್ಕಿನ ಎದುರು ಬದಿಯ ಕಾಲು ಕೂಡುತ್ತದೆ. ಎಲ್ಲ ತಲೆಕೆಳಗಾಗಿ ಕೆಲಸ ಮಾಡುತ್ತಿದೆ ಎನಿಸಿದರೆ ಅದಷ್ಟೇ ಕಾರಣ.

ಮಧ್ಯದ ಪಿಕಪ್ ತಿರುಗು ಸುತ್ತಿನದಾಗಿದ್ದರೆ (ಸುರುಳಿ, ಅಯಸ್ಕಾಂತ ಎರಡೂ ಉಳಿದವಕ್ಕೆ ತಿರುವುಮುರುವು), ಈಚಿನ ಸ್ಟ್ರ್ಯಾಟ್ ಮಾದರಿಗಳಲ್ಲಿ ಹೆಚ್ಚಾಗಿ ಹಾಗೇ ಇರುತ್ತದೆ, ಎರಡೂ ಪಿಕಪ್ ಸೇರಿದಾಗ ಗುಂಯ್‌ ತಾನೇ ಅಳಿಯುತ್ತದೆ. ಇಲ್ಲೊಂದು ಎಚ್ಚರಿಕೆ: ಸರಣಿಯಲ್ಲಿ ಸದ್ದು ದಪ್ಪವಾಗುವ ಬದಲು ಮೂಗಿನಲ್ಲಿ ಹಾಡಿದಂತಾದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆ ಎಂಬಂತೆ ಫೇಸ್ ಉಲ್ಟಾ ಆಗಿದೆ. ತಂತಿ ಅದಲುಬದಲಾಗಿದೆಯೇ ಎಂದು ಫೋಟೊ ಜೊತೆ ಹೋಲಿಸಿ. ಬ್ರಯಾನ್ ಮೇ ಬೇಕೆಂದೇ ಹಾಗೆ ಉಲ್ಟಾ ಹಾಕಿ ಚೀರಿಸುವುದೂ ಉಂಟು. ಅದು ಆಮೇಲಿನ ಆಟ.

ಸ್ವರ ನುಡಿಸದೆ ಅಂಗೈಯಿಂದ ತಂತಿ ಮುಚ್ಚಿದಾಗಲೂ ಸಿಳ್ಳೆ ಬರುತ್ತಿದ್ದರೆ ಅದು ಪಿಕಪ್‌ನ ಸುರುಳಿ ಸಡಿಲಾಗಿ ಮೈಕಿನಂತೆ ಅದುರುವುದರಿಂದ. ಪಿಕಪ್ ಕವಚವನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಸ್ಪೀಕರಿನಲ್ಲಿ ಟಕ್ ಟಕ್ ಜೋರಾಗಿ ಬಂದರೆ ಅದೇ. ಬ್ರಯಾನ್ ಮೇ ಇದೇ ಕಾಟಕ್ಕೆ ತಮ್ಮ ಪಿಕಪ್‌ಗಳೊಳಗೆ ಆರಾಲ್ಡೈಟ್ ಅಂಟು ತುಂಬಿದರು. ನೀವು ಹಾಗೆ ಮಾಡಬೇಡಿ, ಅಂಟು ಕೂತ ಮೇಲೆ ಮತ್ತೆ ರಿಪೇರಿ ಇಲ್ಲ. ಎಂಟು ಪಾಲು ಪ್ಯಾರಾಫಿನ್ ಮೇಣಕ್ಕೆ ಎರಡು ಪಾಲು ಜೇನುಮೇಣ, ಕುದಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ 65 ಡಿಗ್ರಿಯಲ್ಲಿ ನಿಲ್ಲಿಸಿ, ಕವಚ ತೆಗೆದ ಪಿಕಪ್ಪನ್ನು ಗುಳ್ಳೆ ನಿಲ್ಲುವವರೆಗೆ, ಸುಮಾರು ಹದಿನೈದು ನಿಮಿಷ, ಮುಳುಗಿಸಿ. ಉಷ್ಣಮಾಪಕ ಇಲ್ಲದೆ ಮಾಡಬೇಡಿ: ಎಪ್ಪತ್ತು ದಾಟಿದರೆ ಪ್ಲಾಸ್ಟಿಕ್ ಚೌಕಟ್ಟು ಸೊಟ್ಟಗಾಗಿ ಸುರುಳಿ ಹರಿಯುತ್ತದೆ. ಮೇಣದ ಪಾತ್ರೆಯನ್ನು ನೇರ ಗ್ಯಾಸ್ ಉರಿಯ ಮೇಲಿಟ್ಟರೆ ಬೆಂಕಿ ಹೊತ್ತಿಕೊಳ್ಳುತ್ತದೆ.

ಪ್ರತಿರೂಪದ ಗಿಟಾರ್ ಬಗ್ಗೆ ಹೇಳುವುದಾದರೆ, ಅದರಲ್ಲಿ ನಿಮಗೆ ಸಿಗುವ ನಿಜವಾದ ಹೊಸತು ಮೇಲಿನ ಸರಣಿ ಜೋಡಣೆ ಮತ್ತು ಚಿಕ್ಕ ತಂತಿಯುದ್ದ. ರೆಡ್ ಸ್ಪೆಷಲ್‌ನದು 24 ಇಂಚು, ನಿಮ್ಮದು ಇಪ್ಪತ್ತೈದೂವರೆ. ಅದೇ ತಂತಿ, ಅದೇ ಶ್ರುತಿ ಇದ್ದರೆ ಅವರ ತಂತಿಯ ಬಿಗಿ ಸುಮಾರು ಶೇ 11 ಕಡಿಮೆ. ಬಳಸುವುದೂ 9ರಿಂದ 42ರ (ದಪ್ಪ, ಇಂಚಿನ ಸಾವಿರದ ಪಾಲುಗಳಲ್ಲಿ) ತೆಳು ಸೆಟ್ಟು. ಆ ಎಳೆದಾಟ, ಕಂಪನದ ಅಗಲ ನಿಮ್ಮ ಕೈಗೆ ಸಿಗದಿರಲು ಇದೂ ಒಂದು ಕಾರಣ. ಪರೀಕ್ಷೆಗೆ ಖರ್ಚಿಲ್ಲದ ದಾರಿಯಿದೆ: 9ರ ಸೆಟ್ಟು ಹಾಕಿ, ಎಲ್ಲ ತಂತಿಗಳನ್ನೂ ಅರ್ಧ ಸ್ವರ ಇಳಿಸಿ, ಮೊದಲ ಮನೆಗೆ ಕೇಪೊ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್ಪು) ಹಾಕಿ. ಶ್ರುತಿ ಮಾಮೂಲಿಗೆ ಮರಳುತ್ತದೆ, ಉಳಿದ ತಂತಿಯುದ್ದ 24.07 ಇಂಚು. ಇದಕ್ಕಿಂತ ಹತ್ತಿರ ಹೋಗುವುದು ಕಷ್ಟ. ಕೇಪೊ ಫ್ರೆಟ್‌ಗೆ ಒತ್ತಿ ಕೂರಲಿ, ಹಾಕಿದ ಮೇಲೆ ಇನ್ನೊಮ್ಮೆ ಶ್ರುತಿ ನೋಡಿಕೊಳ್ಳಿ. ಹದಿನೈದು ದಿನ ಹೀಗೆ ನುಡಿಸಿ ಕೈಗೆ ಹಿತವೆನಿಸಿದರೆ ಆಗ ಪ್ರತಿರೂಪದ ಯೋಚನೆ ಮಾಡಿ. ಕೊಳ್ಳುವಾಗ ಕೆಂಪು ಬಣ್ಣ, ಆರು ಸ್ವಿಚ್ಚು ನೋಡಿ ಮೋಸಹೋಗಬೇಡಿ. ಅಗ್ಗದ ಕೆಲವು ನಕಲುಗಳಲ್ಲಿ ಪಿಕಪ್ ಸಮಾಂತರವೇ ಇರುತ್ತವೆ. ಎರಡು ಪಿಕಪ್ ಆನ್ ಮಾಡಿದಾಗ ಒಂದಕ್ಕಿಂತ ಸದ್ದು ಸ್ಪಷ್ಟವಾಗಿ ಹೆಚ್ಚಬೇಕು, ಅದೇ ಪರೀಕ್ಷೆ.

ಎಸಿ30ಕ್ಕೆ ಸಾಲ? ಆಂಪ್ ಶ್ರೇಷ್ಠ, ಅದರಲ್ಲಿ ಎರಡು ಮಾತಿಲ್ಲ. ನಾಲ್ಕು ಇಎಲ್84 ವಾಲ್ವು, 30 ವಾಟ್, ಎರಡು 12 ಇಂಚಿನ ಸ್ಪೀಕರ್. ಬ್ರಯಾನ್ ಮೇ ಅದರ ನಾರ್ಮಲ್ ಚಾನೆಲನ್ನಷ್ಟೇ ವಾಲ್ಯೂಮ್ ಪೂರ್ತಿ ಏರಿಸಿ ಬಳಸುತ್ತಾರೆ. ತಗ್ಗು ಹೆಚ್ಚೆಲ್ಲ ಗಿಟಾರಿನ ಗುಂಡಿಯಲ್ಲೇ. ಆ ಪೂರ್ತಿ ಏರಿಕೆಯಲ್ಲಿ ವಾಲ್ವುಗಳು ಮೆತ್ತಗೆ ಒತ್ತಿಕೊಳ್ಳುವುದೇ ನಾದದ ಇನ್ನರ್ಧ. ಮನೆಯಲ್ಲಿ ಅದನ್ನು ಮಾಡಿದರೆ ಬೀದಿಗೆ ಬೀದಿಯೇ ಬಾಗಿಲಿಗೆ ಬರುತ್ತದೆ. ಅರ್ಧಕ್ಕೆ ಇಳಿಸಿ ನುಡಿಸಿದರೆ ಸಾಲ ಮಾಡಿ ತಂದದ್ದು ಏನನ್ನೂ ಕೊಡುವುದಿಲ್ಲ. 4 ವಾಟ್‌ನ ಒಂದೇ ಇಎಲ್84 ಆಂಪ್ ಕೂಡ 30 ವಾಟ್‌ಗಿಂತ ಸುಮಾರು 9 ಡೆಸಿಬಲ್ ಅಷ್ಟೇ ತಗ್ಗು, ಅಂದರೆ ಕಿವಿಗೆ ಅರ್ಧದಷ್ಟು ಜೋರು. ಬಾಗಿಲು ಮುಚ್ಚಿದ ಕೋಣೆಗೆ ಅದೇ ಧಾರಾಳ. ಸ್ಪೀಕರಿಗೆ ಮುನ್ನ ಸದ್ದು ತಗ್ಗಿಸುವ ಅಟೆನ್ಯುಯೇಟರ್ ಹಾಕುವುದು ಇನ್ನೊಂದು ದಾರಿ. ಅದರ ಓಮ್ ಆಂಪ್‌ನ ಓಮ್‌ಗೆ ಹೊಂದಲೇಬೇಕು, ಸ್ಪೀಕರ್ ಅಥವಾ ಹೊರೆ ಇಲ್ಲದೆ ವಾಲ್ವ್ ಆಂಪ್ ಚಾಲೂ ಮಾಡಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ಅಮೆರಿಕದಿಂದ ಯಾರಾದರೂ ತಂದುಕೊಟ್ಟ ಆಂಪ್ 120 ವೋಲ್ಟಿನದ್ದಾಗಿರುತ್ತದೆ, ನಮ್ಮ ಗೋಡೆಗೆ ನೇರ ಸಿಕ್ಕಿಸುವಂತಿಲ್ಲ.

ನಿಮ್ಮ ಈಗಿನ 20 ವಾಟ್ ಆಂಪ್‌ನ ಕ್ಲೀನ್ ಚಾನೆಲ್, ಟ್ರೆಬಲ್ 3, ಮಿಡ್ 7, ಬಾಸ್ 5ರಿಂದ ಶುರುಮಾಡಿ. ಡಿಸ್ಟಾರ್ಶನ್ ಚಾನೆಲ್ ಬೇಡ, ಬೂಸ್ಟರಿನ ಚೂಪನ್ನು ಅದರ ಡಯೋಡ್‌ಗಳು ಗರಗಸ ಮಾಡುತ್ತವೆ. ಕಂಪ್ಯೂಟರ್ ಮತ್ತು ಆಡಿಯೊ ಇಂಟರ್‌ಫೇಸ್ ಇದ್ದರೆ ನಿಜವಾದ ಬೂಸ್ಟರನ್ನು ಹೊರಗೇ ಇಟ್ಟು, ಸಾಫ್ಟ್‌ವೇರಿನಲ್ಲಿ ಎಸಿ30ರ ನಾರ್ಮಲ್ ಚಾನೆಲ್ ಮಾದರಿ ಮಾತ್ರ ಹಾಕಿಕೊಳ್ಳಿ. ಬೂಸ್ಟರನ್ನೂ ಸಾಫ್ಟ್‌ವೇರಿನಲ್ಲೇ ಹಾಕಿದರೆ ಮೇಲೆ ಹೇಳಿದ ಹೊರೆಯ ಜಗ್ಗಾಟ ಇರುವುದಿಲ್ಲ, ಮತ್ತೆ ಕೀರಲು. ಇಂಟರ್‌ಫೇಸಿನ ಗಿಟಾರ್ ಸ್ವಿಚ್ಚು ಒತ್ತಿ, ಜೋರಾಗಿ ನುಡಿಸಿದಾಗ ಮೀಟರ್ ಮೈನಸ್ 12 ಡೆಸಿಬಲ್ ಹತ್ತಿರ ನಿಲ್ಲಲಿ. ನನ್ನ ಅಭಿಪ್ರಾಯದಲ್ಲಿ ನಿಮ್ಮ ಮನೆಗೆ ಇದೇ ಎಲ್ಲಕ್ಕಿಂತ ಲಾಭದ ದಾರಿ.

ಒಂದು ವಿಷಯದಲ್ಲಿ ಮಾತ್ರ ನಿರಾಸೆ ಮಾಡಬೇಕಾಗುತ್ತದೆ. 1988ರಿಂದ 1992ರವರೆಗೆ ಬಿಡಿಬಿಡಿಯಾಗಿ ಧ್ವನಿಮುದ್ರಣವಾದ ಆಲ್ಬಂ ಅದು. ನೀವು ಕೇಳುತ್ತಿರುವುದು ಎಷ್ಟೋ ಕಡೆ ಒಂದು ಗಿಟಾರಲ್ಲ, ಒಂದರ ಮೇಲೊಂದು ನುಡಿಸಿ ಹೆಣೆದ ಸ್ವರಮೇಳ. ಒಂದೇ ಕೈ, ಒಂದೇ ಆಂಪ್‌ನಿಂದ ಅದು ಬರದಿದ್ದರೆ ತಪ್ಪು ನಿಮ್ಮದಲ್ಲ. ‘ಲಾಸ್ಟ್ ಹೊರೈಜನ್’ ಹಾಡುಗಾರಿಕೆಯಿಲ್ಲದ ನಿಧಾನದ ಕೃತಿಯಾದ್ದರಿಂದ ಒಬ್ಬರೇ ನುಡಿಸಲು ಉಳಿದವಕ್ಕಿಂತ ಸುಲಭ. ಪ್ರಧಾನ ರಾಗದ ಎಳೆಯನ್ನು ಹಿಡಿದರೆ ಸಾಕು. ಡಿಲೇಯನ್ನು 450 ಮಿಲಿಸೆಕೆಂಡ್ ಆಸುಪಾಸು, ಮರುಕಳಿಕೆ ಮೂರು, ಮಟ್ಟ ಮೂರನೇ ಒಂದು ಭಾಗದಿಂದ ಶುರುಮಾಡಿ, ಹಾಡಿನ ಲಯಕ್ಕೆ ಕಿವಿಯಿಂದಲೇ ಹೊಂದಿಸಿ. ಕೋರಸ್ ಪೆಡಲ್ ಇಲ್ಲಿ ಬೇಕಿಲ್ಲ.

ಕ್ರಮವಾಗಿ ಹೀಗೆ ಮಾಡಿ: ಈ ದಿನವೇ ಬೂಸ್ಟರನ್ನು ಮೊದಲಿಗೆ ತನ್ನಿ, ಫ್ಯಾನ್ ಆರಿಸಿ ನುಡಿಸಿ. ಭಾನುವಾರ ಸರಣಿ ಸ್ವಿಚ್ಚು ಬೆಸೆಯಿರಿ, ಬೆಸುಗೆ ಅಭ್ಯಾಸವಿಲ್ಲದಿದ್ದರೆ ರೇಡಿಯೊ ರಿಪೇರಿ ಮಾಡುವವರ ಹತ್ತಿರ ಈ ಉತ್ತರವನ್ನೇ ತೋರಿಸಿ. ಆಮೇಲೆ ಮಧ್ಯಾಹ್ನದ ಸೆಖೆಯಲ್ಲಿ ಕಲೆಕ್ಟರ್ ವೋಲ್ಟೇಜ್ ಅಳೆಯಿರಿ. ಒಂದು ಬಾರಿಗೆ ಒಂದನ್ನೇ ಬದಲಿಸಿ, ಬದಲಿಸುವ ಮುನ್ನ ಮತ್ತು ನಂತರ ಅದೇ ನಾಲ್ಕು ಸಾಲನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಬೇಸಿಗೆ ಕಳೆದ ಮೇಲೂ ಮಧ್ಯಾಹ್ನದ ‘ಪುಸ್’ ಉಳಿದರೆ ಪೆಡಲಿನ ಒಳಭಾಗದ ಸ್ಪಷ್ಟ ಫೋಟೊ ಮತ್ತು ಬೆಳಿಗ್ಗೆ, ಮಧ್ಯಾಹ್ನದ ಅಳತೆಗಳನ್ನು ಕಳಿಸಿ, ಟ್ರಾನ್ಸಿಸ್ಟರ್ ಬದಲಿಸಬೇಕೋ ಬೇಡವೋ ಅದರಿಂದ ಹೇಳಬಹುದು.